ಗಬ್ಬೂರು ದಾಟಿದ ಮೇಲಿನ ಸಪ್ಪಳ

ಹಳೆಯ ಗಾಡಿ ಇಟ್ಟುಕೊಂಡವನಿಗೆ ಕ್ರಮೇಣ ಒಂದು ರೋಗ ಅಂಟಿಕೊಳ್ಳುತ್ತದೆ. ಅವನು ಮನುಷ್ಯರ ಮಾತಿಗೆ ಕಿವುಡನಾಗಿ ಕಬ್ಬಿಣದ ಮಾತಿಗೆ ಮಾತ್ರ ಕಿವಿಗೊಡಲು ತೊಡಗುತ್ತಾನೆ. ಹೆಂಡತಿ ಎದುರಿಗೇ ನಿಂತು ಮನೆಯಲ್ಲಿ ಬೇಳೆ ತೀರಿದೆ ಎಂದರೆ ಅವನಿಗೆ ಕೇಳಿಸುವುದಿಲ್ಲ. ಓಣಿಯಾಚೆ ಯಾರದೋ ಟಾಂಗಾದ ಗಾಲಿ ಕಿರುಗುಟ್ಟಿದರೆ ಊಟದ ಎಲೆ ಬಿಟ್ಟು ಎದ್ದು ಕಿಟಕಿಗೆ ಹೋಗುತ್ತಾನೆ. ಈ ರೋಗ ನನಗೆ ಎರಡು ವರ್ಷ ಇತ್ತು. ಅದರಿಂದ ನಾನು ಹೇಗೆ ಗುಣವಾದೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಹೇಳುವಂಥ ಗುಣವೂ ಅದಲ್ಲ. ಆದರೆ ಈಗ ಪಿಂಚಣಿಯಾಗಿ ಮನೆಯಲ್ಲಿ ಕುಳಿತಿದ್ದೇನೆ, ಇನ್ನು ನನ್ನ ಮರ್ಯಾದೆಯನ್ನು ಯಾರು ತೆಗೆದುಕೊಂಡು ಏನು ಮಾಡುತ್ತಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಆಗ ನಮ್ಮ ಕಡೆ ನಿಜಾಮಶಾಹಿ. ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ನಾನು ರಾಯಚೂರಿನಲ್ಲಿ ಮನೆ ಮಾಡಿಕೊಂಡು ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಶಾಲೆಗಳಿಗೆ ಇನ್‌ಸ್ಪೆಕ್ಟರನಾಗಿದ್ದೆ. ಊರೂರು ತಿರುಗಿ ಶಾಲೆ ನೋಡುವುದಕ್ಕೆ ಆಗಿನ ಸರಕಾರಿ ಮಾತಿನಲ್ಲಿ ‘ದೌರಾ’ ಎಂದು ಹೆಸರು. ನನಗಿಂತ ಹಿಂದಿನವರು ಎತ್ತಿನ ಬಂಡಿಯಲ್ಲಿ ದೌರಾ ಹೋಗುತ್ತಿದ್ದರು. ಅವರು ಹೊರಟ ಸುದ್ದಿ ಅವರಿಗಿಂತ ಎರಡು ದಿನ ಮುಂಚೆಯೇ ಊರು ಮುಟ್ಟುತ್ತಿತ್ತು. ನಾನು ಹಾಗಲ್ಲ, ಮಿಂಚಿನ ಹಾಗೆ ಹೋಗಿ ಎರಗುವ ಇನ್‌ಸ್ಪೆಕ್ಟರನಾಗಬೇಕೆಂದು ನಿಶ್ಚಯಿಸಿದ್ದೆ. ಅದಕ್ಕಾಗಿ ಸ್ವದೇಶಕ್ಕೆ ಮರಳುತ್ತಿದ್ದ ರೈಲ್ವೆಯ ಬಿಳಿ ಇಂಜಿನಿಯರನೊಬ್ಬನಿಂದ ಅವನ ಮೋಟಾರ್ ಸೈಕಲ್ಲನ್ನು ಕೊಂಡುಕೊಂಡೆ. ಜನರ ಬಾಯಲ್ಲಿ ಅದು ಫಟಫಟಿ. ಉದ್ದಕ್ಕೆ ಎಮ್ಮೆಯಷ್ಟಿತ್ತು, ತೂಕದಲ್ಲೂ ಹಾಗೇ. ದೂರದ ಪ್ರಯಾಣಕ್ಕೆಂದೇ ಮಾಡಿದ ಗಾಡಿಯೆಂದು ಇಂಜಿನಿಯರ್ ಹೇಳಿದ್ದ. ಅದು ದೂರದ ಪ್ರಯಾಣವನ್ನು ಆಗಲೇ ಮುಗಿಸಿಕೊಂಡು ಬಂದಿದೆ ಎಂಬುದನ್ನು ಹೇಳಿರಲಿಲ್ಲ. ಟ್ಯಾಂಕಿನ ಮೇಲಿನ ಕಂಪನಿಯ ಹೆಸರು ಪೂರ್ತಿ ಅಳಿಸಿಹೋಗಿತ್ತು.

ನಾನು ಶೇರ್ವಾನಿ ತೊಟ್ಟು, ಧೂಳಿಗೆಂದು ಕಣ್ಣಿಗೆ ದೊಡ್ಡ ಚಾಳೀಸು ಕಟ್ಟಿಕೊಂಡು ಮುಂದೆ ಕೂರುತ್ತಿದ್ದೆ. ಹಿಂದೆ ನನ್ನ ಚಪರಾಸಿ ಹನುಮಂತಪ್ಪ, ಶಾಲೆಗಳ ರಜಿಸ್ಟರುಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಹನುಮಂತಪ್ಪನಿಗೆ ಐವತ್ತು ದಾಟಿತ್ತು. ಕೆಂಪು ರುಮಾಲು, ಬಿಳಿ ಮೀಸೆ, ಮಿತವಾದ ಮಾತು. ಅವನನ್ನು ನೋಡಿದ ಹೊಸಬರು ಮೊದಲು ಅವನಿಗೇ ಸಲಾಮು ಹಾಕುತ್ತಿದ್ದರು. ಯುದ್ಧದ ದೆಸೆಯಿಂದ ಪೆಟ್ರೋಲು ಇನ್ನೂ ಅಳೆದು ಸುರಿದು ಕೊಡುತ್ತಿದ್ದ ಕಾಲ ಅದು. ಹೀಗಾಗಿ ಇಳಿಜಾರು ಸಿಕ್ಕ ಕಡೆ ನಾನು ಇಂಜಿನ್ನು ನಿಲ್ಲಿಸಿಬಿಡುತ್ತಿದ್ದೆ. ದೇವದುರ್ಗ ಹತ್ತಿರವಾದ ಮೇಲೆ ಒಂದು ಇಳಿಜಾರಿದೆ. ಅಲ್ಲಿ ಇಂಜಿನ್ನು ಆರಿಸಿದರೆ ಗಾಡಿ ತನ್ನಷ್ಟಕ್ಕೆ ಉರುಳಿಕೊಂಡು ಶಾಲೆಯ ಬೇವಿನ ಮರದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಪೆಟ್ರೋಲೂ ಉಳಿಯಿತು, ಬೆಕ್ಕಿನ ಹಾಗೆ ಸದ್ದಿಲ್ಲದೆ ಹೋಗಿ ಮಾಸ್ತರರನ್ನು ಹಿಡಿದಂತೆಯೂ ಆಯಿತು ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಆದರೆ ಒಮ್ಮೆಯೂ ಯಾರನ್ನೂ ಹಿಡಿದಿರಲಿಲ್ಲ. ನಾನು ಒಳಗೆ ಕಾಲಿಟ್ಟಾಗ ಹುಡುಗರು ಕೈಕಟ್ಟಿ ಕುಳಿತಿರುತ್ತಿದ್ದರು, ಎಲ್ಲರ ಮುಂದೆಯೂ ಒಂದೇ ಪುಸ್ತಕ, ಒಂದೇ ಪುಟ. ನನ್ನ ವಲಯದಲ್ಲಿ ಶಿಸ್ತು ಅಷ್ಟು ಚೆನ್ನಾಗಿದೆ ಎಂದು ವರದಿ ಬರೆದೆ. ಅದಕ್ಕೆ ಕಾರಣ ಯಾರು ಎಂಬುದನ್ನು ಓದುವವರ ಊಹೆಗೆ ಬಿಟ್ಟಿದ್ದೆ.

ಇಷ್ಟರಲ್ಲಿ ಗಾಡಿಯಲ್ಲಿ ಆ ಸಪ್ಪಳ ಶುರುವಾಯಿತು. ಹಳೆಯ ಗಾಡಿ ಅಂದಮೇಲೆ ಸಪ್ಪಳಗಳಿರುವುದು ಸಹಜ. ಚೈನು ಕರಕರ ಅನ್ನುತ್ತಿತ್ತು, ಮಡ್‌ಗಾರ್ಡು ಗಡಗಡ ಅನ್ನುತ್ತಿತ್ತು. ಅವೆಲ್ಲ ನನಗೆ ಮನೆಯವರ ದನಿಯಷ್ಟು ಪರಿಚಯ. ಇದು ಬೇರೆ. ಟರ್‍ರ್‍ ಟರ್‍ರ್‍ ಎಂದು ಶುರುವಾಗಿ, ರಸ್ತೆಯಲ್ಲಿ ಕಲ್ಲು ಸಿಕ್ಕ ಕೂಡಲೇ ಖಣಖಣಖಣ ಎಂದು ಏರಿ, ಎಲ್ಲ ಹಲ್ಲು ಅಲುಗುವ ಮುದುಕನೊಬ್ಬ ಚಳಿಯಲ್ಲಿ ನಡುಗಿದ ಹಾಗೆ ಕೇಳುತ್ತಿತ್ತು. ಇಂಜಿನ್ನು ಆರಿಸಿದರೂ ನಿಲ್ಲುತ್ತಿರಲಿಲ್ಲ, ಬದಲಿಗೆ ಇನ್ನೂ ಸ್ಪಷ್ಟವಾಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಅದು ರಾಯಚೂರಿನಲ್ಲಿ ಇರುತ್ತಿರಲಿಲ್ಲ. ದೇವದುರ್ಗದ ದಾರಿಯಲ್ಲಾದರೆ ಗಬ್ಬೂರು ದಾಟಿದ ಮೇಲೆ, ಮಾನ್ವಿಯ ದಾರಿಯಲ್ಲಾದರೆ ಕಲ್ಲೂರು ದಾಟಿದ ಮೇಲೆ ಹುಟ್ಟಿಕೊಳ್ಳುತ್ತಿತ್ತು. ಮರಳಿ ಬರುವಾಗ ಅದೇ ಊರುಗಳಲ್ಲಿ ಇಳಿದುಕೊಳ್ಳುತ್ತಿತ್ತು.

ನಾನು ಬಳ್ಳಾರಿಯಲ್ಲಿ ಓದಿ ಬಿ.ಎ. ಪಾಸಾದವನು. ವಿಜ್ಞಾನ ನನ್ನ ವಿಷಯವಾಗಿರಲಿಲ್ಲವಾದ್ದರಿಂದ ಅದರಲ್ಲಿ ನನಗೆ ಸಂಶಯಗಳೇ ಇರಲಿಲ್ಲ. ಒಂದು ನೋಟು ಪುಸ್ತಕ ಮಾಡಿ ಎಲ್ಲವನ್ನೂ ಬರೆದುಕೊಂಡೆ. ಯಾವ ಮೈಲಿಗಲ್ಲು, ಬಿಸಿಲೆಷ್ಟು, ಗಾಳಿ ಯಾವ ಕಡೆಗೆ, ಬೆಳಿಗ್ಗೆ ನಾನು ಏನು ತಿಂದಿದ್ದೆ. ಆಮೇಲೆ ಒಂದು ಸಿದ್ಧಾಂತ ಕಟ್ಟಿದೆ: ರಾಯಚೂರಿನಿಂದ ಗಬ್ಬೂರು, ಕಲ್ಲೂರು ಎರಡೂ ಹೆಚ್ಚುಕಡಿಮೆ ಒಂದೇ ದೂರ. ಅಷ್ಟು ಮೈಲಿ ಓಡುವ ಹೊತ್ತಿಗೆ ಲೋಹ ಕಾಯ್ದು ಹಿಗ್ಗಿ, ಎಲ್ಲೋ ಒಂದು ಕೀಲು ಸಡಿಲಾಗುತ್ತದೆ. ಆ ಎರಡು ಊರುಗಳಲ್ಲೂ ನಾವು ನೀರು ಕುಡಿಯಲು ಹತ್ತು ನಿಮಿಷ ನಿಲ್ಲುತ್ತಿದ್ದೆವು ಎಂಬುದನ್ನೂ ಬರೆದುಕೊಂಡಿದ್ದೆ. ಆದರೆ ಅದನ್ನು ಮುಖ್ಯವಲ್ಲದ ಸಂಗತಿಗಳ ಪುಟದಲ್ಲಿ ಬರೆದಿದ್ದೆ.

ರಾಯಚೂರಿನ ಸ್ಟೇಷನ್ನಿನ ಹತ್ತಿರ ಉಸ್ತಾದ್ ಖಾಜಾಮಿಯಾ ಎಂಬ ಮಿಸ್ತ್ರಿಯ ದುಕಾನಿತ್ತು. ಊರಿನ ಬಸ್ಸು, ಲಾರಿ, ಹಿಟ್ಟಿನ ಗಿರಣಿ ಎಲ್ಲದರ ನಾಡಿ ಹಿಡಿದವನು ಅವನು. ಅವನ ಪದ್ಧತಿ ಏನೆಂದರೆ, ತಿರುಪು ಬಿಗಿಯುವ ಪೇಚಕಸ್ಸಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿಹಿಡಿದು ಅದರ ಹಿಡಿಕೆಗೆ ಕಿವಿ ಹಚ್ಚುವುದು. ನನ್ನ ಗಾಡಿಗೆ ಆ ಪೇಚಕಸ್ಸನ್ನು ಹದಿನಾಲ್ಕು ಕಡೆ ಒತ್ತಿ, ಕಣ್ಣು ಮುಚ್ಚಿ ಕೇಳಿದ.

“ಸಾಬ್, ಇಂಜಿನ್ ಏಕ್‌ದಂ ತಂದುರುಸ್ತ್ ಅದ. ಆವಾಜ್ ಎಲ್ಲಿ ಅದ? ನನಗಂತೂ ಏನೂ ಕೇಳವಲ್ದು,” ಎಂದ.

“ಇಲ್ಲಿ ಕೇಳುವುದಿಲ್ಲ ಉಸ್ತಾದ್. ಗಬ್ಬೂರು ದಾಟಬೇಕು,” ಎಂದೆ.

“ಗಬ್ಬೂರದಾಗ ಗಾಡಿಗೆ ಏನು ಆಗ್ತದ ಸಾಬ್? ಹವಾ ಬದಲಾಗ್ತದೇನು?”

ಮೂರನೆಯ ಸಲ ಹೋದಾಗ ಅವನು ಪೇಚಕಸ್ಸನ್ನು ಕೈಯಲ್ಲಿ ಹಿಡಿದು ಗಾಡಿಯನ್ನು ನೋಡಲೇ ಇಲ್ಲ, ನನ್ನ ತಲೆಯನ್ನು ನೋಡುತ್ತಿದ್ದ. ಎಲ್ಲಿ ಒತ್ತಬೇಕೆಂದು ಯೋಚಿಸುತ್ತಿದ್ದಂತೆ ಕಂಡಿತು. ನಾನು ಹಣ ಕೊಡದೆ ಹೊರಟುಬಂದೆ. ಅವನೂ ಕೇಳಲಿಲ್ಲ. ರೋಗಿಗಳ ಹತ್ತಿರ ಅವನು ಹಣ ಕೇಳುವವನಲ್ಲ.

ಮನೆಯಲ್ಲಿ ನನ್ನ ಹೆಂಡತಿ ಪದ್ಮಾವತಿಯ ಅಭಿಪ್ರಾಯವೂ ಅದೇ ಆಗಿತ್ತು. “ಅದು ಗಾಡೀದಲ್ರೀ, ನಿಮ್ಮ ಕಿವೀದು. ಹಗಲೆಲ್ಲಾ ಧೂಳದಾಗ ತಿರುಗ್ತೀರಿ. ಬರ್ರಿ ಇಲ್ಲೆ, ಎಣ್ಣಿ ಹಾಕ್ತೀನಿ,” ಎಂದು ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನು ಎರಡೂ ಕಿವಿಗೆ ಬಿಟ್ಟು ಅರಳೆ ತುರುಕಿದಳು. ಮಡಿಯ ಮನೆಯಲ್ಲಿ ಬೆಳ್ಳುಳ್ಳಿ ಎಲ್ಲಿಂದ ಬಂತೆಂದು ಕೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರ ಅರಳೆಯಿಂದಾಗಿ ಕೇಳಿಸಲಿಲ್ಲ. ಮರುದಿನ ಅರಳೆ ಸಮೇತ ಮಾನ್ವಿಗೆ ಹೊರಟೆ. ಕಲ್ಲೂರು ದಾಟಿದ ಮೇಲೆ ಅರಳೆಯನ್ನೂ ಎಣ್ಣೆಯನ್ನೂ ತೂರಿಕೊಂಡು ಖಣಖಣ ಬಂದೇ ಬಂತು. ನನಗೆ ಬೇಸರಕ್ಕಿಂತ ಸಂತೋಷವೇ ಹೆಚ್ಚಾಯಿತು.

ಅಂದೇ ನಾನು ಹನುಮಂತಪ್ಪನ ಸಹಾಯ ಕೇಳಿದೆ. ಗಾಡಿ ಓಡುತ್ತಿರುವಾಗಲೇ ಬಗ್ಗಿ, ಸಪ್ಪಳ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಹೇಳಬೇಕು. ಅವನು ಒಂದು ಮಾತೂ ಆಡದೆ ರುಮಾಲನ್ನು ಬಿಗಿಮಾಡಿಕೊಂಡು, ರಜಿಸ್ಟರಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ನನ್ನ ಶೇರ್ವಾನಿ ಹಿಡಿದು, ತಲೆಯನ್ನು ಹಿಂದಿನ ಗಾಲಿಯವರೆಗೆ ಇಳಿಬಿಟ್ಟ. ಹಾಗೆಯೇ ನಾವು ಮಾನ್ವಿಯ ಬಜಾರನ್ನು ಪ್ರವೇಶಿಸಿದೆವು. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದುನಿಂತರು. ಮುದುಕಿಯೊಬ್ಬಳು, “ಯಪ್ಪಾ, ಮುದುಕಗ ಮೂರ್ಛಿ ಬಂದದ, ನಿಂದರಸ್ರೋ!” ಎಂದು ಕೂಗಿದಳು. ಇನ್ನೊಬ್ಬ, “ಮೂರ್ಛಿ ಅಲ್ಲಬೇ, ಕಳ್ಳನ್ನ ಹಿಡಕೊಂಡು ಬಂದಾರ,” ಎಂದ. ಶಾಲೆಯ ಮುಂದೆ ಗಾಡಿ ನಿಲ್ಲಿಸಿದಾಗ ನಮ್ಮ ಹಿಂದೆ ನಲವತ್ತು ಜನರಿದ್ದರು. ಹನುಮಂತಪ್ಪ ತಲೆಯೆತ್ತಿ, ಗಂಟನ್ನು ಬಾಯಿಂದ ತೆಗೆದು, ಮೀಸೆಯ ಧೂಳು ಒರೆಸಿಕೊಂಡು, “ಮುಂದಿನ ಗಾಲಿಯಾಗ ಇದ್ದಂಗ ಅದರೀ ಸಾಹೇಬ್ರ,” ಎಂದ.

ಆಮೇಲಿನ ಎರಡು ತಿಂಗಳು ಮುಂದಿನ ಗಾಲಿಯನ್ನು ಬಿಚ್ಚಿ ಕಟ್ಟುವುದರಲ್ಲಿ ಕಳೆದವು. ರವಿವಾರ ಬಂತೆಂದರೆ ಅಂಗಳದಲ್ಲಿ ಪಾನಾ, ಪೇಚಕಸ್ಸು, ಸೀಮೆಎಣ್ಣೆಯ ಬಟ್ಟಲು ಹರಡಿಕೊಂಡು ಕೂರುತ್ತಿದ್ದೆ. ಪ್ರತಿ ಸಲ ಜೋಡಿಸಿದ ಮೇಲೂ ಒಂದೆರಡು ನಟ್ಟು ಉಳಿಯುತ್ತಿದ್ದವು. ಬಿಳಿಯರು ಕೊಡುವಾಗ ಧಾರಾಳವಾಗಿ ಕೊಡುತ್ತಾರೆ ಎಂದು ಅವನ್ನು ಒಂದು ಕಡೆ ಎತ್ತಿಟ್ಟೆ. ಕೊನೆಗೆ ಒಂದು ರವಿವಾರ ಹ್ಯಾಂಡಲಿನ ಕೆಳಗಿನ ಒಂದು ಬೋಲ್ಟು ತುಸು ಅಲುಗುವುದನ್ನು ಕಂಡು, ಹಳೆಯ ಚಪ್ಪಲಿಯ ತೊಗಲನ್ನು ಎಣ್ಣೆಯಲ್ಲಿ ನೆನೆಸಿ ಅದರ ಸಂದಿಗೆ ಒತ್ತಿ ಬಿಗಿದೆ. ಮಂಗಳವಾರ ದೇವದುರ್ಗಕ್ಕೆ ಹೊರಡಬೇಕಾಗಿತ್ತು. ಹನುಮಂತಪ್ಪನ ಮಗಳನ್ನು ಕೃಷ್ಣೆಯ ದಂಡೆಯ ಗೂಗಲ್ಲಿಗೆ ಕೊಟ್ಟಿದ್ದರು. ಅವಳು ಹೆತ್ತಿದ್ದಾಳೆಂದು ಸುದ್ದಿ ಬಂದು ಅವನು ಸೋಮವಾರವೇ ರಜೆ ಹಾಕಿ ಹೋದ. ನಾನು ಒಬ್ಬನೇ ಹೊರಟೆ.

ಗಬ್ಬೂರು ಬಂತು. ನೀರು ಕುಡಿದೆ. ಗಬ್ಬೂರು ದಾಟಿತು. ಕಿವಿ ನೆಟ್ಟಗೆ ಮಾಡಿಕೊಂಡು ಒಂದು ಮೈಲಿ ಹೋದೆ, ಎರಡು ಮೈಲಿ ಹೋದೆ. ಚೈನು ಕರಕರ ಅಂದಿತು, ಮಡ್‌ಗಾರ್ಡು ಗಡಗಡ ಅಂದಿತು. ಅಷ್ಟೇ! ಆ ಖಣಖಣ ಇಲ್ಲ! ಚಪ್ಪಲಿಯ ತೊಗಲು ಗೆದ್ದಿತ್ತು. ಆ ಬಯಲಿನಲ್ಲಿ ನನ್ನ ಮಾತು ಕೇಳಲು ಜೋಳದ ಬೆಳೆಯ ಹೊರತು ಯಾರೂ ಇರಲಿಲ್ಲವಾದ್ದರಿಂದ ನಾನು ಗಟ್ಟಿಯಾಗಿಯೇ ಉಸ್ತಾದನಿಗೊಂದು, ಪದ್ಮಾವತಿಗೊಂದು ಭಾಷಣ ಮಾಡಿದೆ. ದೇವದುರ್ಗದ ಇಳಿಜಾರಿನಲ್ಲಿ ಇಂಜಿನ್ನು ಆರಿಸಿದೆ. ಗಾಡಿ ನಿಜವಾಗಿಯೂ ಬೆಕ್ಕಿನ ಹಾಗೆ ಹೋಗಿ ಬೇವಿನ ಮರದ ನೆರಳಲ್ಲಿ ನಿಂತಿತು. ನಾನು ಇಳಿದು, ಚಾಳೀಸು ಬಿಚ್ಚಿ, ಹತ್ತು ಹೆಜ್ಜೆ ನಡೆದಿರಲಿಲ್ಲ, ಹಿಂದಿನಿಂದಲೋ ಮುಂದಿನಿಂದಲೋ ಕೇಳಿಸಿತು: ಖಣಖಣಖಣ!

ನಿಂತ ಗಾಡಿ ಸಪ್ಪಳ ಮಾಡುವುದೆಂದರೆ ಅದು ವಿಜ್ಞಾನಕ್ಕೆ ಮೀರಿದ ಮಾತು. ಓಡಿಹೋಗಿ ಗಾಡಿಯನ್ನು ಎರಡೂ ಕೈಯಿಂದ ಹಿಡಿದು ಅಲುಗಾಡಿಸಿದೆ. ಏನೂ ಇಲ್ಲ. ಟ್ಯಾಂಕಿಗೆ ಕಿವಿ ಹಚ್ಚಿದೆ. ಕಾದ ತಗಡು ಕಿವಿಯನ್ನು ಸುಟ್ಟಿತು, ಅಷ್ಟೇ. ಮತ್ತೆ ಖಣಖಣಖಣ! ಪದ್ಮಾವತಿ ಹೇಳಿದ್ದು ಖರೆ ಇರಬಹುದೇ ಎಂದು ಮೊದಲ ಸಲ ಕಿವಿಗೆ ಬೆರಳು ಹಾಕಿ ತಿರುವಿಕೊಂಡೆ. ಆಗ ಗೊತ್ತಾಯಿತು, ಸಪ್ಪಳ ಬರುತ್ತಿದ್ದದ್ದು ಶಾಲೆಯ ಒಳಗಿನಿಂದ.

ಮೆಲ್ಲಗೆ ಹೋಗಿ ಕಿಟಕಿಯಲ್ಲಿ ಇಣುಕಿದೆ. ಗುಂಡೇರಾವ್ ಮಾಸ್ತರರು ಮೇಜಿನ ಹತ್ತಿರ ನಿಂತಿದ್ದರು. ಸಣಕಲು ಮೈಯ, ನಿವೃತ್ತಿಗೆ ಹತ್ತಿರವಾದ ಸಾಧು ಮನುಷ್ಯ. ನನ್ನ ಮುಂದೆ ಎಂದೂ ತಲೆಯೆತ್ತಿ ಮಾತಾಡಿದವರಲ್ಲ. ಅವರ ಕೈಯಲ್ಲಿ ಬಳಪ ತುಂಬಿ ಬರುವ ಒಂದು ತಗಡಿನ ಡಬ್ಬಿ. ಒಳಗೆ ಹೊಳೆಯ ಹರಳುಗಳಿರಬೇಕು. ಅದನ್ನು ಅಲುಗಾಡಿಸಿ, “ಹೂಂ, ಸಪ್ಪಳ ಬಂತು! ಹೊಸಾ ಹುಡುಗ್ರು ಹಳಬರನ್ನ ನೋಡಿ ಕಲೀರಿ!” ಎಂದರು. ಹುಡುಗರ ಮುಂದಿದ್ದ ಕನ್ನಡ ಪುಸ್ತಕಗಳೆಲ್ಲ ಚಾಪೆಯ ಕೆಳಗೆ ಮಾಯವಾದವು. ಎಲ್ಲರ ಮುಂದೆಯೂ ಉರ್ದು ಪುಸ್ತಕ, ಒಂದೇ ಪುಟ. ಕೈಗಳು ಕಟ್ಟಿಕೊಂಡವು.

ಆಗ ಬಾಗಿಲಿನಿಂದ ಒಬ್ಬ ಹುಡುಗ ಒಳಗೆ ಬಂದ. ಕಣ್ಣಿಗೆ ಜೋಳದ ದಂಟಿನ ಬೆಂಡಿನಲ್ಲಿ ಮಾಡಿದ ದೊಡ್ಡ ಚಾಳೀಸು. ಎರಡೂ ಕೈಯಲ್ಲಿ ಇಲ್ಲದ ಹ್ಯಾಂಡಲ್ಲು ಹಿಡಿದು, ಬಾಯಲ್ಲಿ ಫಟಫಟ ಅನ್ನುತ್ತ ಬಂದು ನಿಂತು, ತಲೆಯನ್ನು ಒಂದು ಕಡೆ ಓರೆ ಮಾಡಿ ನೆಲದ ಕಡೆಗೆ ಕಿವಿಗೊಟ್ಟು, ಹುಬ್ಬು ಗಂಟಿಕ್ಕಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಕಿಟಕಿಯ ಹೊರಗೆ ಸರಿಯಾಗಿ ಅದೇ ಭಂಗಿಯಲ್ಲಿ ನಿಂತಿದ್ದೇನೆಂದು ಅರಿವಾಗಿ ತಲೆಯನ್ನು ನೆಟ್ಟಗೆ ಮಾಡಿಕೊಂಡೆ.

ಹುಡುಗ ಉರ್ದುವಿನಲ್ಲಿ ಪ್ರಶ್ನೆ ಕೇಳತೊಡಗಿದ. ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಆಗ ನಮ್ಮ ಕಡೆ ಮಿಡ್ಲ್ ಸ್ಕೂಲಿನ ಪಾಠವೆಲ್ಲ ಉರ್ದುವಿನಲ್ಲಿ ನಡೆಯಬೇಕಿತ್ತು, ತನಿಖೆಯೂ ಅದರಲ್ಲೇ. ಬಳ್ಳಾರಿಯಲ್ಲಿ ಓದಿದ ನನಗೆ ಉರ್ದು ಬರುತ್ತಿರಲಿಲ್ಲ. ಇಲಾಖೆಯ ಪರೀಕ್ಷೆಗಾಗಿ ಐದು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದೆ: ನಿನ್ನ ಹೆಸರೇನು, ಎಷ್ಟನೆಯ ಇಯತ್ತೆ, ರಾಜಧಾನಿ ಯಾವುದು, ಏಳೆಂಟಲೆ ಎಷ್ಟು, ಒಳ್ಳೆಯ ಹುಡುಗ ಹೇಗಿರಬೇಕು. ಪಾಸಾದ ಮೇಲೂ ಅವೇ ಐದು ಪ್ರಶ್ನೆಗಳಿಂದ ಎರಡು ತಾಲ್ಲೂಕುಗಳ ವಿದ್ಯೆಯನ್ನು ಅಳೆಯುತ್ತಿದ್ದೆ. ವರದಿಗಳನ್ನು ನನ್ನ ಗುಮಾಸ್ತ ಉರ್ದುವಿನಲ್ಲಿ ಬರೆಯುತ್ತಿದ್ದ, ನಾನು ಗಂಭೀರವಾಗಿ ರುಜು ಹಾಕುತ್ತಿದ್ದೆ. ಬೆಂಡಿನ ಚಾಳೀಸಿನ ಹುಡುಗ ಈಗ ಅವೇ ಪ್ರಶ್ನೆಗಳನ್ನು ನನ್ನದೇ ಉಚ್ಚಾರದಲ್ಲಿ ಕೇಳುತ್ತಿದ್ದ. ಆದರೆ ಚೇಷ್ಟೆಗೆಂದು ಹೆಸರನ್ನು ಬಿಟ್ಟು ನೇರ ಇಯತ್ತೆಗೆ ಹಾರಿದ. ಮುಂದೆ ಕುಳಿತಿದ್ದ ಹೊಸ ಹುಡುಗ ಎದ್ದುನಿಂತು ಅದಕ್ಕೆ ತನ್ನ ಹೆಸರು ಹೇಳಿದ. ರಾಜಧಾನಿ ಯಾವುದೆಂದರೆ ಐದನೆಯ ಇಯತ್ತೆ ಎಂದ.

“ಲೇ, ಹಂಗ ಕೇಳಬ್ಯಾಡಲೇ,” ಎಂದರು ಗುಂಡೇರಾಯರು. “ಸಾಹೇಬ್ರು ಎಂದೂ ಸಾಲು ತಪ್ಪಿಸಂಗಿಲ್ಲ. ಆ ವಿಷಯದಾಗ ಭಾಳ ನೇಮದ ಮನಿಷ್ಯಾ. ಸಾಕು, ಕೂಡ್ರಿ ಎಲ್ಲಾರೂ. ಪುಸ್ತಕ ತೆಗೀರಿ. ಎಲ್ಲಿದ್ವಿ ನಾವು?”

“ಭೀಮಾ ಬಂದು ಕೃಷ್ಣಾಕ್ಕ ಕೂಡೋದ್ರಾಗ ಇದ್ವಿರೀ!” ಎಂದು ಇಪ್ಪತ್ತು ದನಿಗಳು ಕೂಗಿದವು. ಚಾಪೆಯ ಕೆಳಗಿನಿಂದ ಕನ್ನಡ ಪುಸ್ತಕಗಳು ಹೊರಬಂದವು. ಆ ಸಾಧು ಮನುಷ್ಯ ನೆಲದ ಮೇಲೆ ಸುಣ್ಣದಲ್ಲಿ ಹೊಳೆಗಳ ಗೆರೆ ಎಳೆದು, ಹುಡುಗರನ್ನೇ ಊರುಗಳನ್ನಾಗಿ ನಿಲ್ಲಿಸಿ, ನೀನು ಗೂಗಲ್ಲು, ನೀನು ಗಬ್ಬೂರು, ನಿನ್ನ ಊರಿಗೆ ಹೊಳೆಯ ನೀರು ಯಾಕೆ ಬರುವುದಿಲ್ಲ ಹೇಳು ಎಂದು ಕೇಳತೊಡಗಿದರು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಕೊಡುತ್ತಿದ್ದರು, ಮಾಸ್ತರರ ಜೊತೆ ವಾದಕ್ಕಿಳಿಯುತ್ತಿದ್ದರು. ನಾನು ಆರು ವರ್ಷ ಶಾಲೆಗಳನ್ನು ತನಿಖೆ ಮಾಡಿದ್ದೆ. ಪಾಠ ಎಂಬುದನ್ನು ಅಂದೇ ಮೊದಲು ಕಂಡದ್ದು.

ಕಡೆಗೆ ಒಳಗೆ ಹೋದೆ. ಹುಡುಗರು ಎದ್ದುನಿಂತರು, ಯಾವ ಪುಸ್ತಕ ಮುಚ್ಚಬೇಕೆಂದು ಯಾರಿಗೂ ತೋಚಲಿಲ್ಲ. ಗುಂಡೇರಾಯರ ಮುಖ ಅವರ ಕೈಯಲ್ಲಿದ್ದ ಸುಣ್ಣದ ಬಣ್ಣಕ್ಕೆ ತಿರುಗಿತು.

“ಸಪ್ಪಳನ ಬರಲಿಲ್ಲಲ್ರೀ, ಸಾಹೇಬ್ರ…” ಎಂದರು, ತಪ್ಪು ನನ್ನದೇ ಎಂಬಂತೆ.

“ಏನ್ರೀ ಮಾಸ್ತರ, ಏನಿದು?” ಎಂದೆ. ಸಿಟ್ಟಿನ ದನಿ ತರಬೇಕೆಂದುಕೊಂಡಿದ್ದೆ, ಬರಲಿಲ್ಲ.

ಅವರು ಹುಡುಗರನ್ನು ಹೊರಗೆ ಕಳಿಸಿ, ನನಗೆ ಕುರ್ಚಿ ಹಾಕಿ, ತಾವು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮೊದಲು ಅವರು ಬರಿಯ ಫಟಫಟಿಯ ಸದ್ದು ಕೇಳಿಯೇ ಪುಸ್ತಕ ಮುಚ್ಚಿಸುತ್ತಿದ್ದರಂತೆ. “ಆದ್ರ ಆಬಕಾರಿ ಸಾಹೇಬ್ರಿಗೂ ಫಟಫಟಿ ಬಂತರೀ. ಅವ್ರೂ ಇಳುಕ್ಯಾಗ ನಿಮ್ಮಂಗ ಇಂಜಿನ್ ಬಂದ್ ಮಾಡಿ ಬರ್ತಾರ. ದಿನಾ ಮೂರು ಮೂರು ಸಲ ಪುಸ್ತಕ ಮುಚ್ಚೋದು, ತೆಗಿಯೋದು. ಪಾಠನ ಸಾಗ್ಲಿಲ್ಲರೀ. ಹಿಂಗಾಗಿ ನಿಮ್ಮ ಗಾಡಿಗೆ ಒಂದು ಗುರ್ತು ಇದ್ರ ಚಲೋ ಅಂತ ಹನುಮಂತಪ್ಪಗ ಹೇಳಿದೆ. ಅಂವ ಗಬ್ಬೂರದಾಗ ಇಂಥದ್ದ ಒಂದು ಡಬ್ಬಿ ಹಿಂದಿನ ಸೀಟಿನ ತೆಳಗ ಕಟ್ತಾನ, ಹೋಗೂ ಮುಂದ ಅಲ್ಲೇ ಬಿಚ್ಚಿಕೋತಾನ. ಮಾನ್ವಿ ಮಾಸ್ತರೂ ಕೇಳಿದ್ರು ಅಂತ ಆ ಕಡಿಗೂ ಶುರು ಮಾಡ್ಯಾನ. ಅವನದು ತಪ್ಪಿಲ್ರೀ. ಅವನ ಮಮ್ಮಗ ಇಲ್ಲೇ ಓದ್ತದ. ಈಗ ಚಾಳೀಸು ಹಾಕ್ಕೊಂಡಿತ್ತಲ್ಲ, ಅದ.”

ಎರಡು ತಿಂಗಳು ಬಿಚ್ಚಿ ಕಟ್ಟಿದ ಮುಂದಿನ ಗಾಲಿ ಕಣ್ಣ ಮುಂದೆ ತಿರುಗುತ್ತಿತ್ತು.

“ಬರೀರಿ ಸಾಹೇಬ್ರ,” ಎಂದರು ಗುಂಡೇರಾಯರು. ಈ ಸಲ ತಲೆ ಎತ್ತಿದ್ದರು. “ನಿಮ್ಮ ಕರ್ತವ್ಯ ಅದ, ಬರೀರಿ. ನನ್ನ ನೌಕರಿ ಇನ್ನ ಎರಡು ವರ್ಷದ್ದು, ಹೋದ್ರ ಹೋಗ್ಲಿ. ಆದ್ರ ಈ ಹುಡುಗ್ರಿಗೆ ತಮ್ಮ ಹೊಳಿ ಎಲ್ಲಿ ಹರೀತದ ಅನ್ನೂದಾದ್ರೂ ತಿಳೀಬೇಕಲ್ರೀ. ಉರ್ದುದಾಗ ಹೇಳಿದ್ರ ತಿಳಕೊಳ್ಳಾಕ ಅವಕ್ಕ ಬರಂಗಿಲ್ಲ. ಹೇಳಾಕ ನನಗ ಬರಂಗಿಲ್ಲ. ಕೇಳಾಕ…” ಎಂದು ನನ್ನ ಮುಖ ನೋಡಿ ಅಲ್ಲಿಗೆ ನಿಲ್ಲಿಸಿದರು. ಮರ್ಯಾದಸ್ಥರು. ಅವರು ಆ ಮಾತನ್ನು ಪೂರ್ತಿ ಮಾಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಬರೆದರೆ ಅವರ ನೌಕರಿ ಹೋಗುತ್ತಿತ್ತು. ಇಷ್ಟು ವರ್ಷ ನನಗೆ ಯಾಕೆ ಗೊತ್ತಾಗಲಿಲ್ಲವೆಂದು ಮೇಲಿನವರು ಕೇಳುತ್ತಿದ್ದರು, ಆಗ ನನ್ನ ಐದು ಪ್ರಶ್ನೆಗಳ ಕಥೆಯೂ ಹೊರಬೀಳುತ್ತಿತ್ತು. ಇವೆರಡರಲ್ಲಿ ಯಾವುದು ನನ್ನನ್ನು ತಡೆಯಿತೆಂದು ಕೇಳಬೇಡಿ. ಮಾಸ್ತರರ ಮೇಲಿನ ಗೌರವವೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಶಾಲೆಯ ಪುಸ್ತಕದಲ್ಲಿ ಎಂದಿನಂತೆ ಎಲ್ಲವೂ ತೃಪ್ತಿಕರ ಎಂದು ರುಜು ಹಾಕಿದೆ. ಅದುವರೆಗೆ ನಾನು ತೃಪ್ತಿಕರ ಎಂದು ಬರೆದ ಯಾವ ಶಾಲೆಯೂ ತೃಪ್ತಿಕರವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಇದೊಂದು ಗೊತ್ತಿತ್ತು.

ಹನುಮಂತಪ್ಪ ಗೂಗಲ್ಲಿನಿಂದ ಮರಳಿದಾಗ ಅವನನ್ನು ಕರೆದು, “ಡಬ್ಬಿ ಎಲ್ಲಿ?” ಎಂದು ಮಾತ್ರ ಕೇಳಿದೆ. ಅವನು ಒಂದು ಕ್ಷಣ ನನ್ನನ್ನು ನೋಡಿ, ರಜಿಸ್ಟರಿನ ಗಂಟು ಬಿಚ್ಚಿ, ಅದರೊಳಗಿಂದ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟ.

“ಎರಡು ವರ್ಷ ನನ್ನನ್ನು ಹುಚ್ಚನನ್ನಾಗಿ ಮಾಡಿದೆಯಲ್ಲೋ,” ಎಂದೆ.

“ನಾಕು ಸಲ ಹೇಳಬೇಕಂತ ಬಾಯಿ ತನಕ ಬಂದಿತ್ತುರೀ,” ಎಂದ. “ಆದ್ರ ನೀವು ಅದನ್ನ ಹುಡುಕೂ ಮುಂದ ಭಾಳ ಖುಷಿಯಾಗಿ ಇರ್ತಿದ್ರಿ. ಯಾಕ ಕೆಡಸಬೇಕು ಅಂತ ಬಿಟ್ಟೆ. ಕಟ್ಟೋದು ಬಿಚ್ಚೋದು ನನಗೂ ಸಾಕಾಗ್ಯದರೀ, ಈ ವಯಸ್ಸಿನ್ಯಾಗ ಬಗ್ಗಾಕ ಆಗಂಗಿಲ್ಲ.”

ಪದ್ಮಾವತಿಗೆ, ಬೋಲ್ಟಿನ ದೋಷ, ನಾನೇ ಸರಿಮಾಡಿದೆ ಎಂದು ಹೇಳಿದೆ. ಉಸ್ತಾ‌ದನಿಗೂ ಅದನ್ನೇ ಹೇಳಿದೆ. ಅವನು ಗುಣವಾದ ರೋಗಿಯನ್ನು ನೋಡುವ ಹಾಗೆ ನೋಡಿ ಚಹಾ ತರಿಸಿದ.

ಸಪ್ಪಳ ಹೋಯಿತು. ಆದರೆ ‘ಕೇಳಾಕ…’ ಎಂದು ಅರ್ಧಕ್ಕೆ ನಿಂತ ಆ ಮಾತು ಕಿವಿಯಲ್ಲಿ ಉಳಿಯಿತು. ಇನ್ನು ಮೇಲೆ ನಿಜವಾದ ಇನ್‌ಸ್ಪೆಕ್ಟರನಾಗಬೇಕು, ಆರನೆಯ ಪ್ರಶ್ನೆಯೊಂದನ್ನು ಕಲಿಯಲೇಬೇಕು ಎಂದು ನಿಶ್ಚಯಿಸಿದೆ. ನದಿಗಳಿಂದ ಏನು ಉಪಯೋಗ? ಎಷ್ಟು ಒಳ್ಳೆಯ ಪ್ರಶ್ನೆ! ಉರ್ದುವಿನಲ್ಲಿ ನದಿಗೆ ‘ದರಿಯಾ’ ಎನ್ನುತ್ತಾರೆಂದು ಉಸ್ತಾದ್ ಹೇಳಿಕೊಟ್ಟ. ‘ದರಿಯಾಂ’ ಎಂಬ ಬಹುವಚನವನ್ನು ನಾನೇ ಮಾಡಿಕೊಂಡೆ. ಎಂಟು ದಿನ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿ, ಮಾನ್ವಿಗೆ ದೌರಾ ಹೊರಟೆ. ಹಿಂದೆ ಹನುಮಂತಪ್ಪ, ಡಬ್ಬಿ ಇಲ್ಲದೆ. ಕಲ್ಲೂರು ದಾಟಿದ ಕೂಡಲೇ ಅವನು ಎದೆ ತುಂಬ ಉಸಿರೆಳೆದು ಭಜನೆ ಹಾಡಲು ಶುರುಮಾಡಿದ. ಎರಡು ವರ್ಷದಲ್ಲಿ ಅವನು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಮಾನ್ವಿ ಹತ್ತಿರವಾದಂತೆ ಭಕ್ತಿ ಏರುತ್ತಲೇ ಹೋಯಿತು. ಭಕ್ತಿಯನ್ನು ನಿಲ್ಲಿಸು ಎಂದು ಹೇಳುವುದು ಹೇಗೆ? ಶಾಲೆಯಲ್ಲಿ ಕೈಕಟ್ಟಿದ ಹುಡುಗರು ನನ್ನ ದಾರಿ ಕಾಯುತ್ತಿದ್ದರು.

ಐದು ಪ್ರಶ್ನೆಗಳೂ ಸಾಲು ತಪ್ಪದೆ ಮುಗಿದವು. ಮಾಸ್ತರರು ನಿರಾಳವಾಗಿ ಉಸಿರು ಬಿಟ್ಟು ರಜಿಸ್ಟರು ಚಾಚಿದರು. ನಾನು ಕೈಯೆತ್ತಿ ತಡೆದು ಆರನೆಯದನ್ನು ಬಿಟ್ಟೆ. ಮಾಸ್ತರರು ಗೋಡೆ ಹಿಡಿದುಕೊಂಡರು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದುನಿಂತ. ಹೈದರಾಬಾದಿನಿಂದ ಆಗಷ್ಟೇ ವರ್ಗವಾಗಿ ಬಂದ ಪೋಸ್ಟ್‌ಮಾಸ್ತರರ ಮಗ ಎಂದು ಆಮೇಲೆ ಗೊತ್ತಾಯಿತು. ಎದೆಗೆ ಕೈಯಿಟ್ಟು ತುಸು ಬಾಗಿ, ಹಾಲು ಸುರಿದ ಹಾಗೆ ನುಣುಪಾದ ಉರ್ದುವಿನಲ್ಲಿ ಒಂದು ಉದ್ದನೆಯ ಉತ್ತರ ಹೇಳಿದ. ಅದರಲ್ಲಿ ಜನಾಬ್, ಸವಾಲ್ ಎಂಬ ಎರಡು ಶಬ್ದಗಳು ನನ್ನ ಕೈಗೆ ಸಿಕ್ಕವು. ಆದರೇನು, ಮುಖದ ಮೇಲಿನ ವಿನಯ, ಮಾತಿನ ಓಘ! ನಾನು ಎದ್ದುಹೋಗಿ ಅವನ ಬೆನ್ನು ತಟ್ಟಿದೆ. “ಶಾಬಾಶ್! ಶಾಬಾಶ್!” ಎಂದೆ. ಹುಡುಗ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತ ಕುಳಿತ. ಈ ಶಾಲೆಯ ಮಕ್ಕಳು ಹೊಸ ಪ್ರಶ್ನೆಗೂ ನಿರ್ಭಯವಾಗಿ, ಸವಿಸ್ತಾರವಾಗಿ ಉತ್ತರಿಸುತ್ತಾರೆ ಎಂದು ಅಲ್ಲೇ ಕುಳಿತು ಬರೆದುಕೊಂಡೆ.

ಮರಳುವ ದಾರಿಯಲ್ಲಿ ಹನುಮಂತಪ್ಪ ಹಾಡಲಿಲ್ಲ. ನನಗಿಂತ ಮುಂಚೆ ಅವನು ಹೈದರಾಬಾದಿನ ಅಧಿಕಾರಿಗಳ ಮನೆಗಳಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಆ ಭಾಷೆ ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಸಂತೋಷ ತಡೆಯಲಾರದೆ ನಾನೇ ಕೇಳಿದೆ: “ಎಷ್ಟು ಚಂದ ಹೇಳಿದನಲ್ಲೋ ಆ ಹುಡುಗ! ನದಿಗಳ ಉಪಯೋಗ ಏನೇನು ಹೇಳಿದ?”

ಹಿಂದೆ ಹನುಮಂತಪ್ಪ ರಜಿಸ್ಟರುಗಳ ಗಂಟನ್ನು ಸರಿಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದ.

“ಉಪಯೋಗ ಏನೂ ಹೇಳ್ಲಿಲ್ಲರೀ ಸಾಹೇಬ್ರ. ‘ಜನಾಬ್, ನಿಮ್ಮ ಸವಾಲು ನನಗ ತಿಳೀಲಿಲ್ಲ, ಮಾಫಿ ಇರ್ಲಿ, ಇನ್ನೊಂದು ಸಲ ದಯಮಾಡಿ ಹೇಳ್ರಿ’ ಅಂದ.”

“ಯಾಕೆ, ತಿಳಿಯದೇ ಇರಲು ಏನಿತ್ತು?”

“ನೀವು ‘ದರಿಯಾಂ’ ಅಂದ್ರಿರೀ. ಹಂಗಂದ್ರ ಹೊಳಿಗೋಳು ಅಲ್ಲರೀ, ದರಿಗೋಳು. ದರಿ ಅಂದ್ರ ಜಮಖಾನಿ. ಜಮಖಾನಿಗಳ ಉಪಯೋಗ ಏನು ಅಂತ ಕೇಳಿದ್ರಿ.”

ರಸ್ತೆ ಇಳಿಜಾರಿತ್ತು, ಇಂಜಿನ್ನು ಆರಿಸಿದ್ದೆ, ಗಾಡಿ ಎಲ್ಲೂ ಒಂದು ಚೂರೂ ಸದ್ದಿಲ್ಲದೆ ಉರುಳುತ್ತಿತ್ತು. ಎಲ್ಲಿಯಾದರೂ ಒಂದಿಷ್ಟು ಖಣಖಣ ಅಂದಿದ್ದರೆ, ಅವನು ಹೇಳಿದ್ದು ಕೇಳಿಸಲಿಲ್ಲ ಎಂದಾದರೂ ನಾನು ಹೇಳಬಹುದಿತ್ತು.